ಅಜ್ಜನನ್ನು ನೆನೆಯುವ ಬಗೆ

ಚಾರ್ಮಾಡಿಯ ಬೆಟ್ಟಸಾಲಿನ ತಪ್ಪಲಲ್ಲಿರುವ ನೆರಿಯದಲ್ಲಿಯೂ ಅದರ ಆಸುಪಾಸಿನ ಊರುಗಳಲ್ಲಿಯೂ ತುಂಬು ಬಾಳನ್ನು ಬಾಳಿದ ಗೃಹಸ್ಥನೊಬ್ಬನು ತೀರಿಕೊಂಡರೆ, ಬೊಜ್ಜದ (ಉತ್ತರಕ್ರಿಯೆಯ) ದಿನವೋ ವೈಕುಂಠ ಸಮಾರಾಧನೆಯ ದಿನವೋ, ಬಂದ ಬಂಧುಗಳೂ ಊರವರೂ ಊಟಕ್ಕೆ ಕುಳಿತುಕೊಳ್ಳುವುದಕ್ಕೆ ಮೊದಲು ನುಡಿನಮನವೆಂಬ ಒಂದು ಸಣ್ಣ ಕಾರ್ಯಕ್ರಮ ನಡೆಯುವುದು ಈಚೆಗೆ ರೂಢಿಯಾಗಿದೆ. ಭಾವಚಿತ್ರಕ್ಕೆ ಹೂವನ್ನರ್ಪಿಸಿ, ಇಬ್ಬರೋ ಮೂವರೋ ಮಾತನಾಡಿ, ಸಭೆಯೆಲ್ಲ ಒಂದು ನಿಮಿಷ ಎದ್ದು ನಿಲ್ಲುತ್ತದೆ. ಈ ಪದ್ಧತಿಯ ವಿಷಯದಲ್ಲಿ ನನ್ನ ಆಕ್ಷೇಪವೇನೂ ಇಲ್ಲ. ಆದರೆ ಅಲ್ಲಿ ಆಡುವ ಮಾತುಗಳ ಹಿಂದೆ, ಅನಂತರ ಅಚ್ಚಾಗುವ ಸಂಸ್ಮರಣ ಪುಸ್ತಿಕೆಗಳ ಹಿಂದೆ, ಪತ್ರಿಕೆಗಳ ಶ್ರದ್ಧಾಂಜಲಿಯ ಪುಟಗಳ ಹಿಂದೆ ಒಂದು ನಂಬಿಕೆ ನೆಲೆಸಿದೆ. ಅದು ಎಷ್ಟು ಸರ್ವಸಮ್ಮತವಾಗಿದೆಯೆಂದರೆ ಯಾರೂ ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳುವುದಿಲ್ಲ. ಪ್ರೀತಿಪಾತ್ರನಾದ ತಂದೆಯನ್ನು, ಅಜ್ಜನನ್ನು ಸ್ಮರಿಸುವುದೆಂದರೆ ಅವನ ಗುಣಗಳನ್ನು ಮಾತ್ರ ಎತ್ತಿ ಹೇಳುವುದು. ಅವನ ಕೊರತೆಗಳನ್ನು ನೆನೆಯುವವನು ಒಂದೋ ಅವನನ್ನು ಪ್ರೀತಿಸದವನು, ಇಲ್ಲವೆ ಋಣವನ್ನು ಮರೆತವನು ಎಂಬುದೇ ಆ ನಂಬಿಕೆ. ಇದು ಸದ್ಭಾವದಿಂದ ಹುಟ್ಟಿದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಇದರಲ್ಲಿ ಹಲವು ಬೇರೆ ಬೇರೆ ವಿಚಾರಗಳು ಒಂದರೊಡನೊಂದು ಕಲಸಿಹೋಗಿವೆಯೆಂದೂ, ಆ ಕಲಸುಮೇಲೋಗರದ ಫಲವಾಗಿ ನಾವು ನೆನೆಯಹೊರಟವನನ್ನೇ ಕಳೆದುಕೊಳ್ಳುತ್ತಿದ್ದೇವೆಂದೂ ನನಗೆ ತೋರುತ್ತದೆ.

ಮೊದಲು ಆ ಪಕ್ಷವನ್ನು ಅದರ ಪೂರ್ಣ ಬಲದೊಡನೆ ಮುಂದಿಡುವುದು ನ್ಯಾಯ. ಅದಕ್ಕೆ ನಾಲ್ಕು ಆಧಾರಗಳುಂಟು.

1. ಸತ್ತವನು ಉತ್ತರ ಕೊಡಲಾರ. ಉತ್ತರ ಕೊಡಲಾರದವನ ಮೇಲೆ ದೋಷವನ್ನು ಹೊರಿಸುವುದು ಅಧರ್ಮ. ಸ್ಪಾರ್ಟಾದ ಜ್ಞಾನಿ ಖೀಲೋನನದೆಂದು ಗ್ರೀಕರು ಹೇಳುತ್ತಿದ್ದ ನೀತಿಯೂ ಇದೇ.

2. ತಂದೆಗೆ ನಾವು ಋಣಿಗಳು. ಸಾಲಗಾರನು ಸಾಲ ಕೊಟ್ಟವನ ತಪ್ಪುಗಳನ್ನು ಲೆಕ್ಕ ಹಾಕುವುದು ಅಸಭ್ಯ.

3. ದುಃಖದಲ್ಲಿರುವ ಮನೆಯವರಿಗೆ ಸಾಂತ್ವನ ಬೇಕು, ವಿಮರ್ಶೆಯಲ್ಲ.

4. ಬೆಳೆಯುವ ಮಕ್ಕಳ ಮುಂದೆ ಒಂದು ಆದರ್ಶವಿರಬೇಕು. ಅಜ್ಜನ ದೌರ್ಬಲ್ಯಗಳನ್ನು ಕೇಳಿ ಬೆಳೆದ ಮೊಮ್ಮಗನು ಅವುಗಳನ್ನೇ ತನ್ನ ದೌರ್ಬಲ್ಯಗಳಿಗೆ ಸಮರ್ಥನೆಯನ್ನಾಗಿ ಮಾಡಿಕೊಳ್ಳಬಹುದು.

ಈ ನಾಲ್ಕರಲ್ಲಿ ಒಂದಾದರೂ ಹುರುಳಿಲ್ಲದ ಮಾತಲ್ಲ. ಆದರೆ ಇವು ನಾಲ್ಕೂ ಒಂದೇ ಕ್ರಿಯೆಯನ್ನು ಕುರಿತು ಹೇಳಿದ ಮಾತುಗಳೇ ಎಂಬುದನ್ನು ಮೊದಲು ವಿಚಾರಿಸಬೇಕು.

ಮರಣಾನಂತರ ಬದುಕಿರುವವರು ಮಾಡತಕ್ಕ ಕಾರ್ಯಗಳು ಮೂರು ಬಗೆಯವು: ವಿಧಿ, ಸಾಂತ್ವನ ಮತ್ತು ಸ್ಮರಣೆ. ಇವುಗಳಲ್ಲಿ ವಿಧಿಗೆ ಮೃತನ ಗುಣವೂ ಬೇಡ, ದೋಷವೂ ಬೇಡ. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂಬ ಮೂರು ತಲೆಮಾರನ್ನು ವಸು, ರುದ್ರ, ಆದಿತ್ಯ ಸ್ವರೂಪರೆಂದು ಭಾವಿಸಿ, ನಾಮಗೋತ್ರಗಳನ್ನು ಉಚ್ಚರಿಸಿ ಪಿಂಡವನ್ನಿಡುತ್ತಾರಲ್ಲದೆ, ಆ ಮೂವರಲ್ಲಿ ಕೋಪಿಷ್ಠನಾರು, ಶಾಂತನಾರು ಎಂದು ಯಾವ ಪುರೋಹಿತನೂ ಕೇಳುವುದಿಲ್ಲ. ತುಳುವರ ಮನೆಗಳಲ್ಲಿ ಕುಲೆಗಳಿಗೆ, ಎಂದರೆ ತೀರಿಹೋದ ಹಿರಿಯರಿಗೆ, ಎಲೆ ಹಾಕಿ ಬಡಿಸುವಾಗಲೂ ಹಾಗೆಯೇ. ಒಳ್ಳೆಯ ಹಿರಿಯನಿಗೆ ಒಂದು ಎಲೆ, ಕೆಟ್ಟ ಹಿರಿಯನಿಗೆ ಇನ್ನೊಂದು ಎಲೆ ಎಂಬ ಭೇದ ಅಲ್ಲಿಲ್ಲ. ಕೇರಳದಿಂದ ವಲಸೆ ಬಂದು ಈ ಗುಡ್ಡಗಳಲ್ಲಿ ರಬ್ಬರ್ ಬೆಳೆಸಿದ ಸಿರಿಯನ್ ಕ್ರೈಸ್ತರ ಸಂಖ್ಯೆ, 1999ರಲ್ಲಿ ಬೆಳ್ತಂಗಡಿಯ ಹೆಸರಿನಲ್ಲಿಯೇ ಒಂದು ಸಿರೋ-ಮಲಬಾರ್ ಧರ್ಮಪ್ರಾಂತ್ಯ ಏರ್ಪಡುವಷ್ಟು ಬೆಳೆದಿತ್ತು. ಅವರು ನವೆಂಬರ್ 2ರಂದು ಸಕಲ ಮೃತರಿಗಾಗಿ ಪ್ರಾರ್ಥಿಸುವಾಗ ಗುಣವಂತರ ಪಟ್ಟಿಯೊಂದನ್ನು ಪ್ರತ್ಯೇಕಿಸಿ ಇಟ್ಟುಕೊಳ್ಳುವುದಿಲ್ಲ. ವಿಧಿಯ ಈ ನಿರ್ಲಿಪ್ತತೆಯನ್ನು ಮಹಾಭಾರತದ ಅನುಶಾಸನ ಪರ್ವದ ಒಂದು ಪ್ರಸಂಗ ಬಹು ಸ್ಪಷ್ಟವಾಗಿ ತೋರಿಸುತ್ತದೆ. ಗಂಗಾದ್ವಾರದಲ್ಲಿ ಭೀಷ್ಮನು ತಂದೆಗೆ ಪಿಂಡವನ್ನಿಡುವಾಗ ಶಂತನುವಿನ ಕೈಯೇ ನೆಲವನ್ನು ಭೇದಿಸಿಕೊಂಡು ಮೇಲೆದ್ದು ಬಂತು. ಭೀಷ್ಮನಾದರೋ ಆ ಕೈಯನ್ನು ಗುರುತಿಸಿಯೂ, ಶಾಸ್ತ್ರವನ್ನು ನೆನೆದು ಪಿಂಡವನ್ನು ದರ್ಭೆಯ ಮೇಲೆಯೇ ಇಟ್ಟನು. ತಂದೆಗಾಗಿ ತನ್ನ ಸಂಸಾರಸುಖವನ್ನೇ ತೊರೆದ ಮಗನಿಗೆ ಆ ಕೈ ಪರಿಚಿತವಾಗಿರಲಿಲ್ಲವೆ? ಆದರೂ ವಿಧಿಯಲ್ಲಿ ವ್ಯಕ್ತಿಗೆ ಸ್ಥಾನವಿಲ್ಲವೆಂಬುದನ್ನು ಆತನು ಬಲ್ಲವನಾಗಿದ್ದನು. ಪಿತೃಋಣವೆಂದು ಶಾಸ್ತ್ರಗಳು ಯಾವುದನ್ನು ಕರೆದಿವೆಯೋ ಅದು ಸಂತಾನದಿಂದಲೂ ಈ ವಿಧಿಯಿಂದಲೂ ತೀರತಕ್ಕದ್ದಾಗಿದೆ. ಹೊಗಳಿಕೆಯಿಂದ ತೀರುತ್ತದೆಂದು ಯಾವ ಸ್ಮೃತಿಕಾರನೂ ಹೇಳಿದಂತೆ ನನಗೆ ಕಾಣದು.

ಸಾಂತ್ವನದ ವಿಷಯ ಬೇರೆ. ಗಂಡನನ್ನು ಕಳೆದುಕೊಂಡು ಹದಿಮೂರು ದಿನವೂ ಆಗಿಲ್ಲದ ಹೆಂಗಸಿನ ಮುಂದೆ ಅವನ ಹಟಮಾರಿತನವನ್ನು ವರ್ಣಿಸುವವನು ಸತ್ಯನಿಷ್ಠನಲ್ಲ, ಕಟುಕ. ಆ ದಿನ ಒಳ್ಳೆಯದನ್ನೇ ಹೇಳಬೇಕು, ಅಥವಾ ಸುಮ್ಮನಿರಬೇಕು. ಮೂರನೆಯ ಆಧಾರವನ್ನು ಆ ಮಟ್ಟಿಗೆ ನಾನು ನಿಶ್ಶೇಷವಾಗಿ ಒಪ್ಪುತ್ತೇನೆ. ಆದರೆ ಸಾಂತ್ವನಕ್ಕೆ ಕಾಲದ ಮಿತಿಯಿದೆ. ಹತ್ತು ವರ್ಷಗಳ ಮೇಲೆ ಮೊಮ್ಮಗನು ಅಜ್ಜನ ಜೀವನವನ್ನು ಬರೆಯಲು ಕುಳಿತಾಗಲೂ ಬೊಜ್ಜದ ಚಪ್ಪರದ ನಿಯಮವನ್ನೇ ಅನುಸರಿಸಬೇಕೆಂಬುದು, ಗಾಯ ಮಾಯ್ದ ಮೇಲೆಯೂ ಕಟ್ಟನ್ನು ಬಿಚ್ಚಕೂಡದೆಂದಂತೆ. ನುಡಿನಮನದ ಮರ್ಯಾದೆಯು ಸ್ಮರಣೆಯ ಮರ್ಯಾದೆಯಾಗಿ ಪರಿಣಮಿಸಿದ್ದೇ ಈ ಗೊಂದಲದ ಮೂಲ.

ಈಗ ಸ್ಮರಣೆಯೆಂಬುದೇನು ಎಂಬ ಪ್ರಶ್ನೆ. ಒಬ್ಬನನ್ನು ಸ್ಮರಿಸುವುದೆಂದರೆ ಬೇರೆ ಯಾರನ್ನೂ ಅಲ್ಲದೆ ಅವನನ್ನೇ ಮನಸ್ಸಿಗೆ ತಂದುಕೊಳ್ಳುವುದು. ಆದರೆ ನಮ್ಮ ಶ್ರದ್ಧಾಂಜಲಿಗಳಲ್ಲಿ ಬರುವ ಮಾತುಗಳನ್ನು ನೋಡಿರಿ: ಸರಳಜೀವಿ, ಕೊಡುಗೈ ದಾನಿ, ಅಜಾತಶತ್ರು, ಪ್ರಗತಿಪರ ಕೃಷಿಕ, ಧರ್ಮಭೀರು, ಮಗುವಿನ ಮನಸ್ಸಿನವರು. ಒಂದು ಮನೆಯ ಪುಸ್ತಿಕೆಯಿಂದ ಭಾವಚಿತ್ರವನ್ನು ತೆಗೆದು ಇನ್ನೊಂದು ಮನೆಯ ಪುಸ್ತಿಕೆಯಲ್ಲಿ ಅಂಟಿಸಿದರೆ ಬರಹದ ಒಂದಕ್ಷರವನ್ನೂ ಬದಲಾಯಿಸಬೇಕಾಗಿಲ್ಲ. ಗುಣಗಳು ಸಾಮಾನ್ಯವಾಚಕಗಳು, ಅವು ಯಾರಿಗಾದರೂ ಒಪ್ಪುತ್ತವೆ. ಒಬ್ಬ ಮನುಷ್ಯನನ್ನು ಇನ್ನೊಬ್ಬನಿಂದ ಬೇರ್ಪಡಿಸುವುದು ಅವನ ದಾನಶೀಲತೆಯಲ್ಲ; ಯಾರಿಗೆ ಕೊಟ್ಟನು, ಯಾರಿಗೆ ಕೊಡಲಿಲ್ಲ, ಕೊಟ್ಟ ಮೇಲೆ ನೆನಪಿಸುತ್ತಿದ್ದನೆ, ಮನೆಯವರಿಗೆ ಬಿಗಿಹಿಡಿದು ಹೊರಗಿನವರಿಗೆ ಸಡಿಲಬಿಟ್ಟನೆ ಎಂಬ ವಿವರಗಳು. ಈ ವಿವರಗಳಲ್ಲಿ ಅರ್ಧಪಾಲು ಅನಿವಾರ್ಯವಾಗಿ ಕೊರತೆಯ ಕಡೆಗೆ ಬೀಳುತ್ತದೆ. ಅದನ್ನು ಕತ್ತರಿಸಿ ಉಳಿದುದನ್ನು ಇಟ್ಟುಕೊಳ್ಳುತ್ತೇವೆಂದರೆ, ಉಳಿಯುವುದು ಆ ಮನುಷ್ಯನ ಅರ್ಧವೂ ಅಲ್ಲ. ಯಾರದೂ ಅಲ್ಲದ ಒಂದು ಸದ್ಗುಣರಾಶಿ. ಪ್ರಶಂಸೆಯು ಹೀಗೆ ಮರೆವಿನ ಒಂದು ಗೌರವಾನ್ವಿತ ರೂಪವಾಗುತ್ತದೆ.

ತಂದೆಯೂ ಅಜ್ಜನೂ ಒಬ್ಬನೇ ಆದಾಗ ಈ ನಷ್ಟ ಇನ್ನೂ ಹೆಚ್ಚು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ, ಯಾರ ಹೆಜ್ಜೆಯ ಸದ್ದು ಅಂಗಳದಲ್ಲಿ ಕೇಳಿದೊಡನೆ ಮಕ್ಕಳು ಜಗಲಿಯಿಂದ ಎದ್ದು ಒಳಗೆ ಓಡುತ್ತಿದ್ದರೋ, ಅದೇ ಮನುಷ್ಯನ ಹೆಗಲಿನ ಮೇಲೆ ಇಪ್ಪತ್ತೈದು ವರ್ಷಗಳಾದ ಮೇಲೆ ಮೊಮ್ಮಕ್ಕಳು ಏರಿ ಕುಳಿತಿರುತ್ತಾರೆ. ಸ್ಮರಣೆಯ ಸಂದರ್ಭದಲ್ಲಿ ಮಕ್ಕಳ ಸಾಕ್ಷ್ಯವೊಂದು, ಮೊಮ್ಮಕ್ಕಳ ಸಾಕ್ಷ್ಯವೊಂದು. ಗುಣಕಥನದ ಪಕ್ಷವು ಎರಡನೆಯದನ್ನು ಸ್ವೀಕರಿಸಿ ಮೊದಲನೆಯದರ ಬಾಯಿ ಮುಚ್ಚಿಸುತ್ತದೆ. ಇದರಿಂದ ಮಕ್ಕಳಿಗೆ ಅನ್ಯಾಯವಾಗುವುದಷ್ಟೇ ಅಲ್ಲ, ಆ ಮನುಷ್ಯನಿಗೇ ಅನ್ಯಾಯವಾಗುತ್ತದೆ. ಹುಟ್ಟಿನಿಂದಲೇ ಮೃದುವಾಗಿದ್ದವನ ಮೃದುತ್ವಕ್ಕೆ ನಾವು ವಂದಿಸಬೇಕಾದದ್ದು ಪ್ರಕೃತಿಗೆ. ಸಿಡುಕನಾಗಿದ್ದು, ಅದನ್ನು ಕಂಡುಕೊಂಡು, ಯಾರಿಗೂ ಹೇಳಿಕೊಳ್ಳದೆ ವರ್ಷವರ್ಷವೂ ತನ್ನನ್ನು ತಿದ್ದಿಕೊಂಡು, ಮಗನಿಗೆ ಕೊಡಲಾರದೆಹೋದ ತಾಳ್ಮೆಯನ್ನು ಮೊಮ್ಮಗನಿಗೆ ಕೊಟ್ಟವನ ಮೃದುತ್ವವಾದರೋ ಅವನ ಸ್ವಯಾರ್ಜಿತ ಸಂಪತ್ತು. ಸಿಡುಕುತನವನ್ನು ಮರೆಮಾಚಿದರೆ ಈ ಸಂಪಾದನೆಯ ಕಥೆಯೇ ಇಲ್ಲವಾಗುತ್ತದೆ. ಅವನ ಬದುಕಿನ ಅತ್ಯಂತ ದೊಡ್ಡ ಸಾಧನೆ ಇದಾಗಿರಬಹುದು. ಅದನ್ನು ನಾವು ಅವನ ಗೌರವದ ಹೆಸರಿನಲ್ಲಿಯೇ ಅಳಿಸಿಹಾಕುತ್ತೇವೆ.

ಇನ್ನು ಮೊದಲನೆಯ ಆಧಾರ: ಸತ್ತವನು ಉತ್ತರ ಕೊಡಲಾರ. ತುಳುನಾಡಿನವರಿಗೆ ಇದರ ಕಷ್ಟವನ್ನು ನೆನಪಿಸುವ ಕಥೆಯೊಂದು ಚಿರಪರಿಚಿತವಾಗಿದೆ. ಕಲ್ಕುಡನ ಪಾಡ್ದನವೆಂಬ ತುಳು ಕಥನಗೀತದ ಪ್ರಸಿದ್ಧ ಪಾಠವೊಂದರಲ್ಲಿ, ಬೆಳಗೊಳದಲ್ಲಿ ಕೆಲಸಕ್ಕಿದ್ದ ಶಿಲ್ಪಿ ಶಂಭು ಕಲ್ಕುಡನ ಬಳಿಗೆ ಅವನು ಕಂಡೇ ಇರದ ಮಗ ಬೀರ ಕಲ್ಕುಡನು ಬಂದು, ತಂದೆಯ ಕೆಲಸದಲ್ಲಿ ಒಂದು ದೋಷವನ್ನು ಎತ್ತಿ ತೋರಿಸುತ್ತಾನೆ. ಯಾರೂ ಕಾಣದ ಕುಂದನ್ನು ಮಗನೇ ಕಂಡನಲ್ಲಾ ಎಂಬ ನಾಚಿಕೆಯಿಂದ ತಂದೆಯು ಪ್ರಾಣವನ್ನು ಕಳೆದುಕೊಳ್ಳುತ್ತಾನೆ. ಬೇಲೂರಿನ ಕಪ್ಪೆ ಚೆನ್ನಿಗರಾಯನ ವಿಗ್ರಹದ ವಿಷಯದಲ್ಲಿ ಶಿಲ್ಪಿ ಜಕಣಾಚಾರಿ ಮತ್ತು ಅವನ ಮಗ ಡಂಕಣಾಚಾರಿಯರ ಐತಿಹ್ಯವೂ ಇದೇ ಜಾಡಿನದು. ಅಲ್ಲಿ ತಂದೆಯು ತನ್ನ ಬಲಗೈಯನ್ನು ಕತ್ತರಿಸಿಕೊಳ್ಳುತ್ತಾನೆ. ತಂದೆಯ ದೋಷವನ್ನು ಹೇಳಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ ಎಂದು ಪ್ರತಿವಾದಿಯು ಕೇಳಬಹುದು. ಆದರೆ ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಬೀರನ ಮಾತು ಬದುಕಿದ್ದ ತಂದೆಯ ಮೇಲೆ, ಅವನ ಕಸುಬಿನ ಎದುರಿನಲ್ಲಿ, ಅವನನ್ನು ಇನ್ನೂ ತಿಳಿದುಕೊಳ್ಳದ ಮಗನು ಎಸೆದದ್ದು. ಅದು ತೀರ್ಪು, ಸ್ಮರಣೆಯಲ್ಲ. ಎರಡನೆಯದಾಗಿ, ಆ ತಂದೆಯನ್ನು ನಮ್ಮವರೆಗೆ ಉಳಿಸಿಕೊಟ್ಟದ್ದು ಯಾವುದು? ದೋಷವನ್ನೂ ನಾಚಿಕೆಯನ್ನೂ ಮರಣವನ್ನೂ ಒಟ್ಟಿಗೆ ಹಾಡಿದ ಪಾಡ್ದನವೇ. ಅದನ್ನು ಕೇಳಿದವರಾರೂ ಶಂಭು ಕಲ್ಕುಡನನ್ನು ಅಸಮರ್ಥ ಶಿಲ್ಪಿಯೆಂದು ತಿರಸ್ಕರಿಸಿಲ್ಲ, ಅವನಿಗಾಗಿ ಮರುಗಿದ್ದಾರೆ. ಉತ್ತರ ಕೊಡಲಾರದವನ ಮೇಲೆ ಆರೋಪ ಹೊರಿಸಬಾರದೆಂಬುದು ಸರಿಯಾದ ನಿಯಮ. ಆದರೆ ಆ ನಿಯಮವು ನಮ್ಮಿಂದ ಬೇಡುವುದು ಅವನ ಪರವಾದ ಉತ್ತರವನ್ನು ನಾವೇ ಹುಡುಕಿ ಹೇಳಬೇಕೆಂಬುದನ್ನು. ಅವನು ಹಾಗೇಕೆ ನಡೆದುಕೊಂಡನು, ಅವನ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ವಿಚಾರಿಸುವ ಭಾರ ನಮ್ಮದು. ಮೌನವು ಆ ಭಾರದಿಂದ ತಪ್ಪಿಸಿಕೊಳ್ಳುವ ಸುಲಭಮಾರ್ಗ.

ಋಣದ ಆಧಾರವನ್ನು ಇನ್ನೂ ಒಂದು ಕಡೆಯಿಂದ ನೋಡಬಹುದು. ಕಠೋಪನಿಷತ್ತಿನ ನಚಿಕೇತನು ತಂದೆಯು ದಾನಕ್ಕೆ ಬರಡು ಹಸುಗಳನ್ನು ಕೊಡುತ್ತಿರುವುದನ್ನು ಕಂಡನು, ಕಂಡುದನ್ನು ಕಾಣಲಿಲ್ಲವೆನ್ನಲಿಲ್ಲ. ಅದೇ ನಚಿಕೇತನು ಯಮನ ಮನೆಯಲ್ಲಿ ಮೂರು ವರಗಳು ದೊರಕಿದಾಗ ಬ್ರಹ್ಮವಿದ್ಯೆಯನ್ನು ಕೊನೆಗಿಟ್ಟು, ಮೊದಲನೆಯದಾಗಿ ತಂದೆಯ ಮನಸ್ಸು ಶಾಂತವಾಗಲಿ, ಅವನ ಕೋಪವು ಕಳೆಯಲಿ ಎಂಬುದನ್ನೇ ಬೇಡಿದನು. ದೋಷವನ್ನು ಕಂಡವನೂ ಹಿತವನ್ನು ಬೇಡಿದವನೂ ಒಬ್ಬನೇ. ಉಪನಿಷತ್ತು ಇವೆರಡರ ನಡುವೆ ಯಾವ ವಿರೋಧವನ್ನೂ ಕಾಣಲಿಲ್ಲ. ಇಷ್ಟಲ್ಲದೆ, ಋಣವೇ ಸ್ಮರಣೆಯ ಬುನಾದಿಯೆನ್ನುವವರು ನಮ್ಮ ಜಿಲ್ಲೆಯ ಅಳಿಯಸಂತಾನದ ಕುಟುಂಬಗಳನ್ನು ಕುರಿತು ಏನು ಹೇಳುವರು? 1949ರ ಮದರಾಸು ಅಳಿಯಸಂತಾನ ಕಾಯಿದೆಯೂ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಬಂದು ವ್ಯವಸ್ಥೆಯನ್ನು ಬದಲಾಯಿಸುವವರೆಗೆ, ಅಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಸೋದರಮಾವನ ಯಜಮಾನಿಕೆಗೆ ಒಳಪಟ್ಟವರು. ತಂದೆಯು ಬೇರೆ ಕುಟುಂಬದವನು, ಅವನ ಕುಟುಂಬದ ಆಸ್ತಿ ಅವನ ಅಳಿಯಂದಿರಿಗೆ. ತಂದೆಯಿಂದ ಬಂದ ಮನೆಯಿಲ್ಲ, ಗದ್ದೆಯಿಲ್ಲ, ಕುಟುಂಬದ ಹೆಸರೂ ಇಲ್ಲ. ಆದರೂ ಆ ಮನೆಗಳ ಮಕ್ಕಳು ತಂದೆಯನ್ನು ಪ್ರೀತಿಯಿಂದ ನೆನೆದರು. ಋಣದ ಲೆಕ್ಕಪುಸ್ತಕವಿಲ್ಲದೆಯೂ ಸ್ಮರಣೆಯು ನಿಲ್ಲಬಲ್ಲುದೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಪ್ರಮಾಣವನ್ನು ನಾನರಿಯೆ.

ಗುಣಕಥನದ ಅತಿ ದೊಡ್ಡ ದೋಷವನ್ನು ಇನ್ನೂ ಹೇಳಿಲ್ಲ. ಒಬ್ಬನ ಗುಣವನ್ನು ಮಾತ್ರ ಹೇಳುವಾಗ ಆ ಗುಣದ ವೆಚ್ಚವನ್ನು ಭರಿಸಿದವರ ಹೆಸರು ಬಿಟ್ಟುಹೋಗುತ್ತದೆ. ಅಜ್ಜನ ಮನೆಗೆ ಯಾವ ಹೊತ್ತಿಗೆ ಬಂದವರೂ ಉಣ್ಣದೆ ಹಿಂದಿರುಗಿದ್ದಿಲ್ಲ ಎಂಬ ಮಾತನ್ನು ನಾವು ಎಷ್ಟು ನುಡಿನಮನಗಳಲ್ಲಿ ಕೇಳಿಲ್ಲ! ನಡುರಾತ್ರಿ ಬಂದ ಅತಿಥಿಗೆ ಒಲೆ ಹೊತ್ತಿಸಿದವಳು ಅಜ್ಜಿ. ಬಾವಿಯಿಂದ ನೀರು ಸೇದಿದವಳು ಸೊಸೆ. ಭತ್ತ ಕುಟ್ಟಿದವಳು ಒಕ್ಕಲಿನ ಹೆಂಗಸು. ಅಜ್ಜನ ಆತಿಥ್ಯ ಸುಳ್ಳೆಂದು ಇದರ ಅರ್ಥವಲ್ಲ. ಅದು ಅವನೊಬ್ಬನದಲ್ಲವೆಂದು ಅರ್ಥ. ಭೂಮಿಯ ವಿಚಾರವೂ ಹಾಗೆಯೇ. 1974ರ ಮಾರ್ಚ್ 1ರಿಂದ ಗೇಣಿಯ ಜಮೀನುಗಳು ಸರಕಾರದಲ್ಲಿ ನಿಹಿತವಾದವೆಂದು ತಿದ್ದುಪಡಿಯಾದ ಭೂಸುಧಾರಣೆ ಕಾಯಿದೆ ಸಾರಿದಾಗ, ಚಾಲಗೇಣಿಯ ಪದ್ಧತಿ ದಟ್ಟವಾಗಿ ಹಬ್ಬಿದ್ದ ದಕ್ಷಿಣ ಕನ್ನಡದಲ್ಲಿ ಜಮೀನಿನ ಹಕ್ಕಿಗಾಗಿ ಡಿಕ್ಲರೇಶನ್ ಕೊಟ್ಟ ಒಕ್ಕಲೂ ಒಬ್ಬ ಅಜ್ಜ, ಅದನ್ನು ವಿರೋಧಿಸಿ ಭೂನ್ಯಾಯಮಂಡಳಿಯ ಮುಂದೆ ನಿಂತ ಧಣಿಯೂ ಒಬ್ಬ ಅಜ್ಜ. ಇಂದು ಇಬ್ಬರ ಮೊಮ್ಮಕ್ಕಳೂ ಒಂದೇ ಶಾಲೆಯಲ್ಲಿ ಓದಿ, ಒಂದೇ ಬಸ್ಸಿನಲ್ಲಿ ಬೆಳ್ತಂಗಡಿಗೆ ಹೋಗಿಬರುವವರು. ಒಂದು ಮನೆಯ ಪುಸ್ತಿಕೆಯಲ್ಲಿ ಧಣಿಯು ಒಕ್ಕಲುಗಳನ್ನು ಮಕ್ಕಳಂತೆ ಕಂಡವನು. ಇನ್ನೊಂದು ಮನೆಯ ನೆನಪಿನಲ್ಲಿ ಗೇಣಿಯ ಅಕ್ಕಿಯನ್ನು ಅಳೆದು ಕೊಟ್ಟ ಮೇಲೆ ಮಳೆಗಾಲದ ಆಟಿ ತಿಂಗಳಿಗೆ ಏನೂ ಉಳಿಯದ ಪಾತ್ರೆ. ಎರಡೂ ನಿಜವಾಗಿರಬಹುದು. ಆದರೆ ಪ್ರತಿಯೊಂದು ಮನೆಯೂ ತನ್ನ ಅಜ್ಜನ ಒಳ್ಳೆಯದನ್ನು ಮಾತ್ರ ಬರೆದಿಟ್ಟರೆ, ಊರಿನ ಚರಿತ್ರೆಯಲ್ಲಿ ಯಾರೂ ಯಾರಿಗೂ ಏನನ್ನೂ ಮಾಡಿಯೇ ಇಲ್ಲವೆಂದಾಗುತ್ತದೆ.

ಪ್ರೀತಿಯೂ ದೋಷದರ್ಶನವೂ ಜತೆಯಲ್ಲಿರಲಾರವೆಂಬುದು ನಮ್ಮ ಹಿರಿಯರ ಮತವಾಗಿರಲಿಲ್ಲ. ನೆರಿಯಕ್ಕೆ ಸಮೀಪದ ಉಜಿರೆಯ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್‌ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ವಿವೇಕ ರೈ ಮತ್ತು ಚಿನ್ನಪ್ಪ ಗೌಡರೊಡಗೂಡಿ 1990ರಲ್ಲಿ ಧ್ವನಿಮುದ್ರಿಸಿ, 1998ರಲ್ಲಿ 15,683 ಸಾಲುಗಳ ಮಹಾಕಾವ್ಯವಾಗಿ ಪ್ರಕಟಿಸಿದರು. ಆ ಕಾವ್ಯದ ಆರಂಭದಲ್ಲಿ ನಿಂತಿರುವವನು ಒಬ್ಬ ಅಜ್ಜ: ಸತ್ಯನಾಪುರದ ಬಿರ್ಮಾಳ್ವ. ಸಿರಿಯನ್ನು ಸಾಕಿ ಬೆಳೆಸಿದ ಈ ವೃದ್ಧನಷ್ಟು ವಾತ್ಸಲ್ಯಮಯನಾದ ಅಜ್ಜನನ್ನು ತುಳುವಿನಲ್ಲಿ ಬೇರೆಲ್ಲಿಯೂ ಕಾಣೆವು. ಆದರೆ ಪಾಡ್ದನವು ಅವನ ಕಥೆಯನ್ನು ತೊಡಗುವುದು ಅವನ ಲೋಪದಿಂದಲೇ. ಮೂಲಸ್ಥಾನವಾದ, ಬೆರ್ಮರೆಂಬ ದೈವದ ಗುಡಿಯು ಪಾಳುಬಿದ್ದಿದ್ದರೂ ಅದನ್ನು ಮರೆತು, ಸಂತಾನವಿಲ್ಲವೆಂದು ಅಳುತ್ತಿದ್ದವನಿಗೆ ಬೆರ್ಮರೇ ಬಡ ಬ್ರಾಹ್ಮಣನ ವೇಷದಲ್ಲಿ ಬಂದು ಅದನ್ನು ನೆನಪಿಸಬೇಕಾಗುತ್ತದೆ. ಗುಡಿಯನ್ನು ಜೀರ್ಣೋದ್ಧಾರ ಮಾಡಿದ ಮೇಲೆ ದೊರೆತ ಪ್ರಸಾದದ ಗಂಧ ಮತ್ತು ಹಿಂಗಾರಗಳಿಂದಲೇ ಸಿರಿಯ ಉದ್ಭವ. ಅಜ್ಜನ ಮರೆವನ್ನು ಹಾಡದಿದ್ದರೆ ಮೊಮ್ಮಗಳ ಜನನಕ್ಕೆ ಕಾರಣವೇ ಇಲ್ಲ. ಈ ಹಾಡನ್ನು ನಾಟಿಯ ಗದ್ದೆಗಳಲ್ಲಿ ತಲೆತಲಾಂತರದಿಂದ ಹಾಡಿದ ಹೆಂಗಸರು ಅಜ್ಜನಿಗೆ ಅಪಚಾರ ಮಾಡಿದರೆಂದು ಯಾರು ಹೇಳಿಯಾರು?

ಆದರ್ಶದ ಮಾತು ಉಳಿಯಿತು. ದೋಷವಿಲ್ಲದ ಅಜ್ಜನು ಮೊಮ್ಮಗನಿಗೆ ಆದರ್ಶವಾಗುವುದಿಲ್ಲ, ಪ್ರತಿಮೆಯಾಗುತ್ತಾನೆ. ಪ್ರತಿಮೆಗೆ ಕೈಮುಗಿಯಬಹುದು, ಅದರಿಂದ ಕೆಲಸವನ್ನು ಕಲಿಯಲಾಗದು. ನೆರಿಯದಂತಹ ಮಳೆಯ ಊರಿನಲ್ಲಿ ಅಡಿಕೆ ತೋಟವನ್ನು ಎಬ್ಬಿಸಿದ ಅಜ್ಜನು ಕಣಿಯನ್ನು ಸಾಕಷ್ಟು ಆಳ ತೆಗೆಯದೆ ನೀರು ನಿಂತು ಒಂದು ಪಾಲು ಗಿಡಗಳನ್ನು ಕಳೆದುಕೊಂಡಿರಬಹುದು. ಒಂದು ವರ್ಷ ಬಿಸಿಲನ್ನು ನಂಬಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ತಡಮಾಡಿ ಕೊಳೆರೋಗಕ್ಕೆ ಫಸಲನ್ನು ಬಿಟ್ಟುಕೊಟ್ಟಿರಬಹುದು. ‘ಪ್ರಗತಿಪರ ಕೃಷಿಕ’ ಎಂಬ ಬಿರುದಿನಿಂದ ಮೊಮ್ಮಗನಿಗೆ ದಕ್ಕುವುದೇನು? ಆ ತಪ್ಪುಗಳ ಕಥೆಯಿಂದಾದರೋ ತೋಟದ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆಂಬುದು ತಿಳಿಯುತ್ತದೆ. ನಡತೆಯ ವಿಷಯದಲ್ಲಿಯೂ ಇದು ನಿಜ. ಅಜ್ಜನ ದೌರ್ಬಲ್ಯವು ಮೊಮ್ಮಗನಿಗೆ ನೆಪವಾಗಬಹುದೆಂಬ ಭಯ ನಿರಾಧಾರವಲ್ಲ. ಆದರೆ ತನ್ನಲ್ಲಿ ಕಾಣುವ ಕುಡಿತದ ಸೆಳೆತವೋ ಕೋಪವೋ ವಂಶದಲ್ಲಿ ಮೊದಲು ತನಗೇ ಬಂದ ಶಾಪವೆಂದು ತಿಳಿದು ಒಬ್ಬಂಟಿಯಾಗಿ ನವೆಯುವ ಹುಡುಗನ ಅಪಾಯ ಅದಕ್ಕಿಂತ ದೊಡ್ಡದು.

ಇಷ್ಟನ್ನು ಹೇಳಿದ ಮೇಲೆ ಎದುರುದಿಕ್ಕಿನ ಅತಿರೇಕಕ್ಕೂ ಎಡೆಗೊಡಬಾರದು. ದೋಷವನ್ನು ಹೇಳಿದ ಮಾತ್ರಕ್ಕೆ ಬರಹವು ಸತ್ಯವಾಗುವುದಿಲ್ಲ. ತನ್ನ ಹಳೆಯ ಮುನಿಸನ್ನು ತೀರಿಸಿಕೊಳ್ಳಲು ಪ್ರಾಮಾಣಿಕತೆಯ ಹೆಸರನ್ನು ಬಳಸುವವರುಂಟು. ಸ್ಮರಿಸುವವನಿಗೆ ದೋಷವು ಪ್ರತ್ಯೇಕವಾದ ಅಧ್ಯಾಯವಾಗಿ ಕಾಣಿಸುವುದಿಲ್ಲ. ಅದು ಮನುಷ್ಯನ ಒಳಗೇ ಇರುತ್ತದೆ. ಕುವೆಂಪು 1994ರಲ್ಲಿ ತೀರಿಕೊಂಡ ಬಳಿಕ, 1996ರಲ್ಲಿ, ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ಪ್ರಕಟಿಸಿದ ‘ಅಣ್ಣನ ನೆನಪು’ ಈ ವಿಷಯದಲ್ಲಿ ಮೇಲ್ಪಂಕ್ತಿ. ಮಹಾಕವಿಯ ಸ್ತೋತ್ರವನ್ನು ನಿರೀಕ್ಷಿಸಿ ಅದನ್ನು ತೆರೆದವರಿಗೆ ಸಿಕ್ಕುವುದು ಒಂದು ಮನೆಯ ದಿನನಿತ್ಯದ ಬದುಕು ಮತ್ತು ಅದರ ನಡುವೆ ಓಡಾಡುವ ಒಬ್ಬ ತಂದೆ. ಶಿವರಾಮ ಕಾರಂತರ, ಪುತ್ತೂರಿನ ಬಾಲವನದಲ್ಲಿ ಬೆಳೆದ ಮೂವರು ಮಕ್ಕಳು 2021ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ‘ಗ್ರೋಯಿಂಗ್ ಅಪ್ ಕಾರಂತ್’ ಎಂಬ ಪುಸ್ತಕದಲ್ಲಿ ತಾಯಿ ಲೀಲಾ ಅವರಿಗೂ ಸಲ್ಲತಕ್ಕ ಸ್ಥಾನ ಸಂದಿದೆ. ಈ ಎರಡು ಪುಸ್ತಕಗಳನ್ನು ಓದಿದವರಲ್ಲಿ ಕುವೆಂಪು ಕಾರಂತರ ಮೇಲಣ ಗೌರವ ಕಡಿಮೆಯಾಯಿತೆಂದು ನಾನು ಕೇಳಿಲ್ಲ. ಹೇಳಬಾರದ್ದೂ ಇದೆ: ಬದುಕಿರುವ ಮೂರನೆಯವರ ಮಾನಕ್ಕೆ ಸಂಬಂಧಿಸಿದ್ದು, ಮೃತನು ನಂಬಿಕೆಯಿಂದ ಒಬ್ಬರಿಗೆ ಮಾತ್ರ ಹೇಳಿಕೊಂಡದ್ದು, ಕೇಳಿದವರಿಗೆ ನೋವಲ್ಲದೆ ಬೇರೇನನ್ನೂ ತಿಳಿಸದಿರುವುದು. ಈ ಗಡಿಗಳನ್ನು ವಿವೇಕವೇ ಹಾಕಿಕೊಳ್ಳಬೇಕು. ಒಳ್ಳೆಯದನ್ನೇ ಹೇಳಬೇಕೆಂಬ ನಿಯಮವು ಆ ವಿವೇಕಕ್ಕೆ ಕೆಲಸವನ್ನೇ ಉಳಿಸುವುದಿಲ್ಲ.

ಅಜ್ಜನ ಜೀವನವನ್ನು ಬರೆಯಹೊರಡುವವರು ಆದುದರಿಂದ ಮೊದಲು ಮಾಡಬೇಕಾದ ಕೆಲಸವೊಂದಿದೆ. ತೋಟದಲ್ಲಿ ಅವನೊಡನೆ ದುಡಿದವರು, ಅವನೊಡನೆ ವ್ಯಾಜ್ಯವಾಡಿದ ದಾಯಾದಿಗಳು, ಅವನು ಮಾತು ಬಿಟ್ಟಿದ್ದ ತಮ್ಮ, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಇವರನ್ನೆಲ್ಲ ಅವರು ಬದುಕಿರುವಾಗಲೇ ಕೇಳಬೇಕು. ಶ್ರಾದ್ಧದ ಮಂತ್ರವು ಹೆಸರನ್ನು ಮೂರು ತಲೆಮಾರು ಕಾಪಾಡೀತು, ಈ ಸಾಕ್ಷಿಗಳು ಅಷ್ಟು ಕಾಲ ಉಳಿಯರು. ಎಲ್ಲರಿಗಿಂತ ಮೊದಲು ಕೇಳಬೇಕಾದವಳು, ಇನ್ನೂ ಇರುವ ಮನೆಗಳಲ್ಲಿ, ಅಜ್ಜಿ. ಆಕೆ ಹೇಳಲೊಲ್ಲೆನೆಂದರೆ ಅದು ಆಕೆಯ ಹಕ್ಕು, ಅಲ್ಲಿಗೇ ನಿಲ್ಲಿಸಬೇಕು. ಆದರೆ ಕೇಳುವುದನ್ನೇ ಬಿಟ್ಟು, ಆಕೆ ಹೊಗೆಯ ಅಡಿಗೆಮನೆಯಲ್ಲಿ ಕಳೆದ ವರ್ಷಗಳನ್ನೆಲ್ಲ ಗಂಡನ ಭಾವಚಿತ್ರದ ಕೆಳಗಿನ ‘ಅನ್ನದಾತ’ ಎಂಬ ಒಂದು ಪದದೊಳಗೆ ಸೇರಿಸಿಬಿಡುವ ಅಧಿಕಾರವನ್ನು ಮೊಮ್ಮಗನಿಗೆ ಯಾರೂ ಕೊಟ್ಟಿಲ್ಲ.